ಇನ್ನೊಬ್ಬರು ಬಳಿದ ಬಣ್ಣ

ಮೇಜಿನ ಮೇಲೆ ಯಾರೋ ಆಡಿ ಬಿಟ್ಟ ಪುಟ್ಟ ಗೊಂಬೆಗಳ ಮಿನಿಯೇಚರ್ ಸೈನ್ಯವೊಂದು ಕೈಸೇರಿದಾಗ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಅದನ್ನೆಲ್ಲ ದ್ರಾವಕದ ಡಬ್ಬಿಗೆ ಸುರಿಯುವ ಯೋಚನೆ. ಹಳೆಯ ಬಣ್ಣವೆಲ್ಲ ಕಳಚಿಹೋಗಲಿ, ಬರಿಯ ಗೊಂಬೆ ಸಿಗಲಿ, ಅಲ್ಲಿಂದ ನನ್ನ ಕೆಲಸ ಶುರುವಾಗಲಿ ಎಂಬ ಆತುರ ಅದು. ಈ ಆತುರಕ್ಕೆ ಎದುರಾಗಿ ನಾಲ್ಕು ಮಾತು ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಬಣ್ಣ ಕಳಚುವುದೇ ತಪ್ಪೆಂದು ನಾನು ಹೇಳಲಾರೆ. ನಾನೂ ಬಹಳಷ್ಟು ಗೊಂಬೆಗಳ ಬಣ್ಣ ಕಳಚಿದ್ದೇನೆ, ಇನ್ನೂ ಕಳಚುತ್ತೇನೆ. ಆದರೆ ಆ ತೀರ್ಮಾನ ಎಲ್ಲಕ್ಕಿಂತ ಕೊನೆಗೆ ಬರಬೇಕು. ದುರಸ್ತಿಯಲ್ಲಿ ನಾವು ಮಾಡುವ ಹೆಚ್ಚಿನ ಕೆಲಸಗಳನ್ನು ಮುಂದೆ ಇನ್ನೊಬ್ಬರು ಬಿಚ್ಚಿ ಸರಿಪಡಿಸಬಹುದು. ಕಳಚಿಹೋದ ಹಳೆಯ ಬಣ್ಣವನ್ನು ಮಾತ್ರ ಯಾರೂ ಮರಳಿ ತರಲಾರರು.

ಈ ಲೋಕದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಮೇಜಿನ ಮೇಲೆ ಎರಡು ಸೈನ್ಯಗಳನ್ನು ಸಾಲುಗಟ್ಟಿ ನಿಲ್ಲಿಸಿ, ಟೇಪು ಹಿಡಿದು ದೂರ ಅಳೆದು ನಡೆಸಿ, ದಾಳ ಉರುಳಿಸಿ ಕಾಳಗದ ಫಲ ತಿಳಿಯುವ ಆಟಗಳಿವೆ. ಅವುಗಳಲ್ಲಿ ಫ್ಯಾಂಟಸಿ ಆಟಗಳದ್ದೇ ಒಂದು ದೊಡ್ಡ ಪಂಗಡ: ಎಲ್ಫ್‌ಗಳು, ಡ್ವಾರ್ಫ್‌ಗಳು, ಓರ್ಕ್‌ಗಳು, ಗಾಬ್ಲಿನ್‌ಗಳು, ಎಲುಬಿನ ಸೈನಿಕರು, ರೆಕ್ಕೆಯ ಮೃಗಗಳು. ಗೊಂಬೆಗಳ ಸಾಮಾನ್ಯ ಅಳತೆ 28 ಮಿಲಿಮೀಟರ್. ಕೆಲವರು ಅದನ್ನು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರೆ, ಕೆಲವರು ನೆತ್ತಿಯವರೆಗೆ. ಬ್ರಿಟನ್ನಿನ ಗೇಮ್ಸ್ ವರ್ಕ್‌ಶಾಪ್, ಅಮೆರಿಕದ ಸಿನ್ಸಿನಾಟಿಯ ರಾಲ್ ಪಾರ್ಥಾ, ಎರಡೂ ಇಂಥ ಆಟಗಳ, ಗೊಂಬೆಗಳ ಲೋಕದಲ್ಲಿ 1975ರಲ್ಲಿ ಹುಟ್ಟಿದ ಸಂಸ್ಥೆಗಳು. ಗೇಮ್ಸ್ ವರ್ಕ್‌ಶಾಪ್‌ನ ಫ್ಯಾಂಟಸಿ ಆಟವಾದ ವಾರ್‌ಹ್ಯಾಮರ್‌ನ ಮೊದಲ ಆವೃತ್ತಿ ಬಂದದ್ದು 1983ರಲ್ಲಿ. ಅಲ್ಲಿಂದೀಚೆಗೆ ನಾಲ್ಕು ದಶಕಗಳಿಂದ ಎರಕಹೊಯ್ದ ಗೊಂಬೆಗಳು ಕೈಯಿಂದ ಕೈಗೆ ಸಾಗುತ್ತಲೇ ಇವೆ. 2015ರಲ್ಲಿ ಆ ಹಳೆಯ ಫ್ಯಾಂಟಸಿ ಆಟದ ಜಾಗಕ್ಕೆ ಏಜ್ ಆಫ್ ಸಿಗ್ಮಾರ್ ಬಂದಾಗ ಎಷ್ಟೋ ಸೈನ್ಯಗಳು ಅಟ್ಟ ಸೇರಿದವು. 2024ರಲ್ಲಿ ದಿ ಓಲ್ಡ್ ವರ್ಲ್ಡ್ ಎಂಬ ಹೆಸರಿನಲ್ಲಿ ಗೊಂಬೆಗಳು ಚೌಕ ತಳದ ಮೇಲೆ ನಿಲ್ಲುವ ಆ ಲೋಕ ಮರಳಿದ ಮೇಲೆ ಅದೇ ಪೆಟ್ಟಿಗೆಗಳ ಧೂಳು ಕೊಡವುವವರು ಹೆಚ್ಚಾದರು.

ಇಂಥ ಪೆಟ್ಟಿಗೆಗಳಲ್ಲಿ ಅಪರೂಪದ ಗೊಂಬೆಗಳನ್ನು ಹುಡುಕುವವರು ಇದ್ದಾರೆ. ನನ್ನ ಪ್ರೀತಿ ಸಾಮಾನ್ಯ ಸೈನಿಕರ ಮೇಲೆ. 1992ರ ವಾರ್‌ಹ್ಯಾಮರ್ ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಹೈ ಎಲ್ಫ್‌ಗಳು ಮತ್ತು ಗಾಬ್ಲಿನ್‌ಗಳು, 1996ರ ಪೆಟ್ಟಿಗೆಯ ಬ್ರೆಟೋನಿಯಾ ಎಂಬ ಕಲ್ಪಿತ ರಾಜ್ಯದ ಕುದುರೆ ಸವಾರರು ಮತ್ತು ಹಲ್ಲಿಮೈಯ ಲಿಜರ್ಡ್‌ಮೆನ್‌ಗಳು, 2006ರ ಪೆಟ್ಟಿಗೆಯ ಡ್ವಾರ್ಫ್‌ಗಳು: ಇವೆಲ್ಲ ಒಂದೇ ಅಥವಾ ಕೆಲವೇ ಭಂಗಿಗಳಲ್ಲಿ ಸಾಲುಸಾಲಾಗಿ ಬಂದವು. ಹೊಸದಾಗಿ ಆಟಕ್ಕೆ ಇಳಿಯುವವರಿಗೆಂದೇ ಮಾಡಿದ ಪೆಟ್ಟಿಗೆಗಳಾದ್ದರಿಂದ ಎಷ್ಟೋ ಜನರು ತಮ್ಮ ಬದುಕಿನಲ್ಲಿ ಮೊದಲು ಬಣ್ಣ ಬಳಿದದ್ದು ಇವುಗಳ ಮೇಲೆಯೇ. ಹಾಗಾಗಿ ಇವುಗಳ ಮೈಮೇಲೆ ಇರುವುದು ಬಹುಪಾಲು ಕಲಿಯುತ್ತಿರುವ ಕೈಗಳ ಕೆಲಸ. ಅದನ್ನು ಸಾವಧಾನವಾಗಿ ಓದಿದರೆ ಸಿಗುವ ಸಂತೋಷ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಓದುವುದು ಹೇಗೆ? ಮೊದಲು ತಳ ನೋಡುತ್ತೇನೆ. ತಳದ ಅಂಚು ಹೊಳೆಯುವ ಹಸಿರು, ಮೇಲೆ ಹಸಿರು ಹುಡಿ ಅಂಟಿಸಿದ್ದರೆ ಆ ಕೈ 1990ರ ದಶಕದ ಶೈಲಿಯಲ್ಲಿ ಪಳಗಿದ್ದು. ಆ ಕಾಲದ ಸೈನ್ಯಗಳಲ್ಲಿ ಕೆಂಪು, ಹಳದಿ, ನೀಲಿ ಎಲ್ಲವೂ ಗಾಢ, ನೆರಳಿಗಿಂತ ಹೊಳಪಿಗೆ ಮಹತ್ವ. ತಳ ಕಂದು, ಮೇಲೆ ಮರಳು, ನಡುನಡುವೆ ಒಣಹುಲ್ಲಿನ ಕುಚ್ಚುಗಳಿದ್ದರೆ ಕೆಲಸ ಅದಕ್ಕಿಂತ ಈಚಿನದು. ಮೈಯೆಲ್ಲ ಗಾಜಿನಂತೆ ಮಿನುಗುತ್ತಿದ್ದರೆ ಹೊಳಪಿನ ವಾರ್ನಿಶ್ ದಪ್ಪವಾಗಿ ಹಚ್ಚಿದ್ದಾರೆ ಎಂದರ್ಥ. 1980ರ ದಶಕದಲ್ಲಿ ಹಲವರು ಹಾಗೆ ಮಾಡುತ್ತಿದ್ದರು. ಆಟದ ಮೇಜಿನ ಮೇಲೆ ಬೆರಳುಗಳ ಉಜ್ಜಾಟಕ್ಕೆ ಅದಕ್ಕಿಂತ ಗಟ್ಟಿ ರಕ್ಷಣೆ ಇರಲಿಲ್ಲ. ಮಡಿಕೆಗಳಲ್ಲೆಲ್ಲ ನೆರಳು ತಾನಾಗಿ ಇಳಿದು, ಉಬ್ಬುಗಳಲ್ಲಿ ತಳದ ತಿಳಿಬಣ್ಣ ಹಣಕಿದ್ದರೆ ಅದು 2019ರಲ್ಲಿ ಬಂದ ಕಾಂಟ್ರಾಸ್ಟ್ ಬಣ್ಣಗಳ ಅಥವಾ ಅಂಥ ಪಾರದರ್ಶಕ ಬಣ್ಣಗಳ ಕೆಲಸವಿರಬಹುದು.

ಆಮೇಲೆ ಮುಖ. ಮುಖವನ್ನು ನೋಡಿದರೆ ಬಳಿದವರ ಮನಸ್ಸು ತಿಳಿಯುತ್ತದೆ. ಕೆಲವರು ಚರ್ಮದ ಬಣ್ಣ ಬಳಿದು ಮುಂದೆ ಹೋಗಿರುತ್ತಾರೆ. ಕೆಲವರು ಸಾಸಿವೆಗಿಂತ ಚಿಕ್ಕ ಕಣ್ಣಿಗೆ ಬಿಳಿ ಇಟ್ಟು, ಅದರೊಳಗೆ ಕಪ್ಪು ಚುಕ್ಕೆ ಇಟ್ಟು, ಚುಕ್ಕೆ ದೊಡ್ಡದಾಯಿತೆಂದು ಸುತ್ತ ಮತ್ತೆ ಚರ್ಮದ ಬಣ್ಣ ತಿದ್ದಿರುತ್ತಾರೆ. ಆ ತಿದ್ದಿದ ಗುರುತು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಒಂದೇ ಅಚ್ಚಿನ ಈಟಿಗಾರರ ದಂಡು ಸಿಕ್ಕರೆ ಅವರನ್ನು ಸಾಲಾಗಿ ನಿಲ್ಲಿಸಿ ನೋಡಬೇಕು. ಮೊದಲು ಬಳಿದದ್ದು ಯಾವುದು, ಕೊನೆಯದು ಯಾವುದು ಎಂದು ಹೇಳಿಬಿಡಬಹುದು. ಒಂದರಲ್ಲಿ ಗುರಾಣಿಯ ಅಂಚು ನಡುಗಿದೆ. ಇನ್ನೊಂದರಲ್ಲಿ ಅದೇ ಅಂಚು ನೇರವಾಗಿದೆ. ಒಂದರಲ್ಲಿ ಬಣ್ಣ ಮೊಸರಿನಷ್ಟು ಗಟ್ಟಿ. ಇನ್ನೊಂದಕ್ಕೆ ಬರುವಷ್ಟರಲ್ಲಿ ಬಣ್ಣಕ್ಕೆ ನೀರು ಬೆರೆಸಬೇಕೆಂದು ಯಾರೋ ಹೇಳಿಕೊಟ್ಟಿದ್ದಾರೆ, ಅಥವಾ ಆ ಕೈ ತಾನೇ ಕಂಡುಕೊಂಡಿದೆ. ಹೆಸರು ಗೊತ್ತಿಲ್ಲದ ಒಬ್ಬ ವ್ಯಕ್ತಿ ಒಂದು ವಿದ್ಯೆಯನ್ನು ಕಲಿತ ದಾಖಲೆ ಅದು. ಅದಕ್ಕೆ ಬೇರೆ ಪ್ರತಿ ಇಲ್ಲ.

ತಳವನ್ನು ತಿರುಗಿಸಿ ನೋಡುವುದನ್ನೂ ಮರೆಯಬಾರದು. ಅಲ್ಲಿ ಕೆಲವೊಮ್ಮೆ ಇನಿಶಿಯಲ್‌ಗಳು, ಕೆಲವೊಮ್ಮೆ ದಳದ ಸಂಖ್ಯೆ, ಕೆಲವೊಮ್ಮೆ ಪೆನ್ಸಿಲಿನಲ್ಲಿ ಬರೆದ ಸೇನಾಪತಿಯ ಹೆಸರು. 1980ರ ದಶಕದ ನಡುವಿನಿಂದ, ಗೇಮ್ಸ್ ವರ್ಕ್‌ಶಾಪ್‌ಗೆ ಗೊಂಬೆ ತಯಾರಿಸುವ ಸಿಟಡೆಲ್ ಕಂಪನಿಯ ಲೋಹದ ಗೊಂಬೆಗಳ ಪಾದದ ಕೆಳಗೆ ಒಂದು ಪಟ್ಟಿ ಇರುತ್ತದೆ. ಪ್ಲಾಸ್ಟಿಕ್ ತಳದ ಸೀಳಿಗೆ ಅದನ್ನು ಸಿಕ್ಕಿಸುತ್ತಾರೆ. ಆ ಪಟ್ಟಿಯ ಮೇಲೆ ತಯಾರಾದ ವರ್ಷವಿರಬಹುದು, ಎಷ್ಟೋ ಗೊಂಬೆಗಳಲ್ಲಿ ಆ ಪಾತ್ರದ ಹೆಸರೇ ಅಚ್ಚಾಗಿರುತ್ತದೆ. ಸಾಲಿನಲ್ಲಿ ನಿಲ್ಲುವ ಒಬ್ಬ ಸಾಧಾರಣ ಓರ್ಕ್ ಸೈನಿಕನಿಗೂ ಹೆಸರು ಕೊಟ್ಟ ಆ ಕಾಲದ ಔದಾರ್ಯ ನನಗೆ ಬಹಳ ಇಷ್ಟ. ತಳ ಬದಲಿಸುವಾಗ ಆ ಪಟ್ಟಿಯನ್ನು ಕತ್ತರಿಸಿ ಎಸೆಯುವವರನ್ನು ಕಂಡರೆ ಸಂಕಟವಾಗುತ್ತದೆ.

ಹಾಗಾದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಕಳಚಬೇಕು? ನನ್ನ ಅಳತೆಗೋಲು ಶಿಲ್ಪ. ಒಂದು ಬದಿಯಿಂದ ಬೆಳಕು ಬೀಳುವಂತೆ ದೀಪ ಹಿಡಿದು ಗೊಂಬೆಯನ್ನು ತಿರುಗಿಸುತ್ತೇನೆ. ಸರಪಳಿ ಕವಚದ ಉಂಗುರಗಳು ಬೇರೆಬೇರೆಯಾಗಿ ಕಾಣುತ್ತವೆಯೇ? ಬೆರಳುಗಳ ನಡುವಿನ ಸಂದು ಇದೆಯೇ? ತುಟಿಗಳ ನಡುವಿನ ಗೆರೆ ಇದೆಯೇ? ಇವೆಲ್ಲ ಇದ್ದರೆ ಬಣ್ಣ ಎಷ್ಟೇ ಸಾದಾ ಆಗಿರಲಿ, ಅದು ಶಿಲ್ಪಕ್ಕೆ ಅಡ್ಡ ಬಂದಿಲ್ಲ; ಅದನ್ನು ಉಳಿಸುತ್ತೇನೆ. ಬಣ್ಣ ಪದರ ಪದರವಾಗಿ ಕೂತು ಇವೆಲ್ಲ ಮುಚ್ಚಿಹೋಗಿದ್ದರೆ, ಶಿಲ್ಪಿಗೂ ನೋಡುವವರಿಗೂ ನಡುವೆ ಗೋಡೆ ಎದ್ದಿದೆ ಎಂದೇ ಅರ್ಥ, ಕಳಚುತ್ತೇನೆ. ಈಟಿಯ ತುದಿಯಲ್ಲಿ, ಟೋಪಿಯ ಅಂಚಿನಲ್ಲಿ ಬಣ್ಣ ಕೆತ್ತಿಹೋಗಿದೆ ಎಂಬ ಒಂದೇ ಕಾರಣಕ್ಕೆ ಇಡೀ ಗೊಂಬೆಯನ್ನು ದ್ರಾವಕಕ್ಕೆ ಹಾಕುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ಉಳಿಸುವುದೆಂದು ಗೊತ್ತಾದ ಗೊಂಬೆಗೆ ಮೊದಲ ಚಿಕಿತ್ಸೆ ಸ್ನಾನ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ, ಮೆತ್ತನೆಯ ಕುಂಚ. ವರ್ಷಗಟ್ಟಲೆ ಕಪಾಟಿನಲ್ಲಿ ನಿಂತ ಗೊಂಬೆಯ ಮೇಲೆ ಧೂಳು, ಬೆರಳಿನ ಜಿಡ್ಡು ಸೇರಿ ಬೂದು ಪೊರೆಯಾಗಿರುತ್ತದೆ. ಅದು ಹೋದರೆ ಮಂಕಾಗಿದೆ ಎಂದುಕೊಂಡ ಕೆಂಪು ಮತ್ತೆ ಕೆಂಪಾಗುತ್ತದೆ. ಎಷ್ಟೋ ಗೊಂಬೆಗಳಿಗೆ ಇಷ್ಟೇ ಸಾಕು. ಆಮೇಲೆ ಬಣ್ಣ ಹೋದ ಜಾಗಗಳಿಗೆ ಮಾತ್ರ ಬಣ್ಣ ತುಂಬುತ್ತೇನೆ, ಪಕ್ಕದ ಹಳೆಯ ಬಣ್ಣದ ಮೇಲೆ ಕುಂಚ ಹತ್ತದಂತೆ. ಬಣ್ಣ ಹೊಂದಿಸುವುದನ್ನು ಹಗಲಿನ ಬೆಳಕಿನಲ್ಲೇ ಮಾಡಬೇಕು. ದೀಪದ ಕೆಳಗೆ ಒಂದೇ ಎನಿಸಿದ ಎರಡು ನೀಲಿಗಳು ಕಿಟಕಿಯ ಬಳಿ ಬೇರೆಯಾಗಿಬಿಡುತ್ತವೆ. ಹಳೆಯ ಬಾಟಲಿಯ ಅದೇ ಬಣ್ಣ ಸಿಕ್ಕರೂ ಅದು ಹೊಂದುವುದಿಲ್ಲ. ಗೊಂಬೆಯ ಮೇಲಿನದು ಮಾಗಿದೆ, ವಾರ್ನಿಶ್ ಸ್ವಲ್ಪ ಹಳದಿಗೆ ತಿರುಗಿದೆ. ಹೊಸ ಬಣ್ಣಕ್ಕೆ ತುಸು ಕಂದು ಬಣ್ಣ ಬೆರೆಸಿದರೆ ಹತ್ತಿರಕ್ಕೆ ಬರುತ್ತದೆ.

ಇಲ್ಲಿ ನನಗೆ ದಾರಿ ತೋರಿಸಿದ್ದು ಚಿತ್ರಕಲೆಯ ಸಂರಕ್ಷಕರ ಒಂದು ಪದ್ಧತಿ. ರೋಮ್‌ನಲ್ಲಿ 1939ರಲ್ಲಿ ಆರಂಭವಾದ ಕಲಾಕೃತಿ ಸಂರಕ್ಷಣೆಯ ರಾಷ್ಟ್ರೀಯ ಸಂಸ್ಥೆಯಲ್ಲಿ ಚೆಸಾರೆ ಬ್ರಾಂಡಿ ಅವರ ಮುಂದಾಳುತನದಲ್ಲಿ ರೂಪುಗೊಂಡ ತ್ರಾತೆಜ್ಜೊ ಎಂಬ ವಿಧಾನದಲ್ಲಿ, ಚಿತ್ರದ ನಷ್ಟವಾದ ಭಾಗವನ್ನು ಸಣ್ಣ ಸಣ್ಣ ಲಂಬ ಗೆರೆಗಳಿಂದ ತುಂಬುತ್ತಾರೆ. ದೂರದಿಂದ ಚಿತ್ರ ಇಡಿಯಾಗಿ ಕಾಣುತ್ತದೆ. ಹತ್ತಿರ ಹೋದರೆ ಯಾವುದು ಮೂಲ, ಯಾವುದು ಸೇರಿಸಿದ್ದು ಎಂದು ಗೊತ್ತಾಗುತ್ತದೆ. 28 ಮಿಲಿಮೀಟರಿನ ಗೊಂಬೆಯ ಮೇಲೆ ಗೆರೆ ಎಳೆಯಲು ಜಾಗವಿಲ್ಲ. ಆದರೂ ಆ ವಿವೇಕವನ್ನು ತೆಗೆದುಕೊಳ್ಳಬಹುದು. ನಾನು ತುಂಬಿದ ಭಾಗದಲ್ಲಿ ಮೂಲದವರ ಶೈಲಿಯನ್ನೇ ಹಿಡಿಯುತ್ತೇನೆ. ಅವರು ಅಂಚಿನ ಹೊಳಪು ಹಾಕದಿದ್ದರೆ ನಾನೂ ಹಾಕುವುದಿಲ್ಲ. ಅವರ ಕೆಲಸದ ಮೇಲೆ ನನ್ನ ಜಾಣ್ಮೆ ಮೆರೆಸುವ ಹಕ್ಕು ನನಗಿಲ್ಲ.

ಇನ್ನು ಕಳಚಲೇಬೇಕಾದವು. ಇಲ್ಲಿ ಮೊದಲು ತಿಳಿಯಬೇಕಾದ್ದು ಗೊಂಬೆ ಯಾವ ವಸ್ತುವಿನದು ಎಂಬುದು. ಲೋಹವೋ, ಪಾಲಿಸ್ಟೈರಿನ್ ಪ್ಲಾಸ್ಟಿಕ್ಕೋ, ರೆಸಿನ್ನೋ? ಇದನ್ನು ತಿಳಿಯದೆ ದ್ರಾವಕ ಮುಟ್ಟಬಾರದು. ಅಸಿಟೋನ್ ಲೋಹದ ಮೇಲಿನ ಬಣ್ಣವನ್ನು ಬೇಗ ಎಬ್ಬಿಸುತ್ತದೆ, ಆದರೆ ಪಾಲಿಸ್ಟೈರಿನ್ ಅದರಲ್ಲಿ ಕರಗಿಹೋಗುತ್ತದೆ. ಲೋಹದ ಗೊಂಬೆಯ ಕಾಲಡಿಯ ಪ್ಲಾಸ್ಟಿಕ್ ತಳವನ್ನು ತೆಗೆಯದೆ ಅಸಿಟೋನ್‌ಗೆ ಹಾಕಿದರೂ ಅಂಟು ರಾಡಿ ಮೈಗೆಲ್ಲ ಮೆತ್ತುತ್ತದೆ. ಹಿಂದೆ ವಾಹನಗಳ ಬ್ರೇಕ್ ಆಯಿಲ್ ಬಳಸುವವರಿದ್ದರು. ಅದು ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು, ವಿಲೇವಾರಿಯೂ ಕಷ್ಟ, ಇಂದು ಅದರ ಅಗತ್ಯವೇ ಇಲ್ಲ. ಡೆಟಾಲ್ ಬಳಸುವವರು ಈಗಲೂ ಇದ್ದಾರೆ. ಅದು ಕೆಲಸ ಮಾಡುತ್ತದೆ, ಆದರೆ ಅದರಿಂದ ತೆಗೆದ ಗೊಂಬೆಗೆ ನೀರು ತಾಗಿದ ಕೂಡಲೇ ಸಡಿಲವಾದ ಬಣ್ಣ ಗೋಂದಿನಂತೆ ಮತ್ತೆ ಹಿಡಿದುಕೊಳ್ಳುತ್ತದೆ. ಉಜ್ಜುವುದನ್ನೂ ತೊಳೆಯುವುದನ್ನೂ ಡೆಟಾಲ್‌ನಲ್ಲೇ ಮುಗಿಸಿ, ಬಣ್ಣವೆಲ್ಲ ಹೋದ ಮೇಲಷ್ಟೇ ನೀರು ಮುಟ್ಟಿಸಬೇಕು.

ನನ್ನ ಆಯ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್. ಅಕ್ರಿಲಿಕ್ ಬಣ್ಣದ ಅಂಟನ್ನು ಅದು ಉಬ್ಬಿಸಿ ಮೆದುವಾಗಿಸುತ್ತದೆ, ಲೋಹಕ್ಕೂ ಪಾಲಿಸ್ಟೈರಿನ್‌ಗೂ ತೊಂದರೆ ಮಾಡುವುದಿಲ್ಲ. ರೆಸಿನ್ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಎಲ್ಲ ರೆಸಿನ್ ಒಂದೇ ಅಲ್ಲ, ಕೆಲವು ಮೆತ್ತಗಾಗುತ್ತವೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಹಾಕಿದರೂ ಸ್ವಲ್ಪ ಹೊತ್ತಿನಲ್ಲೇ ತೆಗೆಯಬೇಕು. ಹಳೆಯ ಎನಾಮೆಲ್ ಬಣ್ಣವಾದರೆ ಆಲ್ಕೊಹಾಲ್ ಸೋಲುತ್ತದೆ. ಎಣ್ಣೆ ಆಧಾರದ ಆ ಬಣ್ಣ ಗಾಳಿಯ ಆಮ್ಲಜನಕದೊಂದಿಗೆ ಕೂಡಿ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗಿರುತ್ತದೆ. ಮುಚ್ಚಳವಿರುವ ಗಾಜಿನ ಬಾಟಲಿ, ನೈಟ್ರೈಲ್ ಕೈಗವಸು, ತೆರೆದ ಕಿಟಕಿ, ಹತ್ತಿರದಲ್ಲೆಲ್ಲೂ ಬೆಂಕಿ ಇಲ್ಲದಿರುವುದು: ಇವು ಬಿಟ್ಟುಕೊಡಬಾರದ ನಿಯಮಗಳು. ಆಲ್ಕೊಹಾಲಿನ ಆವಿ ಸಾಮಾನ್ಯ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಕಂಪನದಿಂದ ಶುಚಿಮಾಡುವ ಅಲ್ಟ್ರಾಸಾನಿಕ್ ಯಂತ್ರದ ತೊಟ್ಟಿಗೆ ಆಲ್ಕೊಹಾಲ್ ತುಂಬಿಸುವ ಯೋಚನೆಯನ್ನೂ ಮಾಡಬಾರದು. ಕೆಲವು ಗಂಟೆ ನೆನೆದ ಮೇಲೆ ಹಲ್ಲುಜ್ಜುವ ಮೆತ್ತನೆಯ ಬ್ರಷ್‌ನಿಂದ ಉಜ್ಜಬೇಕು, ಸಂದುಗಳಿಗೆ ಮರದ ಹಲ್ಲುಕಡ್ಡಿ. ಲೋಹದ ಸೂಜಿ ಮೃದು ಲೋಹದಲ್ಲಿ ಗೀರು ಬಿಡುತ್ತದೆ. ಬಳಸಿದ ಆಲ್ಕೊಹಾಲನ್ನು ಚೆಲ್ಲದೆ ಒಂದೆಡೆ ಇಟ್ಟರೆ ಬಣ್ಣದ ಕೆಸರು ತಳಕ್ಕೆ ಇಳಿಯುತ್ತದೆ. ಮೇಲಿನದನ್ನು ಸೋಸಿ ಮತ್ತೆ ಬಳಸಬಹುದು.

ಲೋಹದ ಗೊಂಬೆಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹಳೆಯ ಗೊಂಬೆಗಳು ಸೀಸ ಮತ್ತು ತವರದ ಮಿಶ್ರಣದವು. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ ಕರಗುತ್ತದೆ. ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ 183 ಡಿಗ್ರಿಯಲ್ಲೇ ಕರಗಿ ಅಚ್ಚಿನ ಮೂಲೆಮೂಲೆಗೂ ಹರಿಯುತ್ತದೆ. ಸೀಸ ಅಗ್ಗವೂ ಹೌದು, ಎರಕಕ್ಕೆ ಒಳ್ಳೆಯದೂ ಹೌದು. ಅದರ ವಿಷದ ಬಗೆಗಿನ ಕಾಳಜಿ ಬೆಳೆದು 1990ರ ದಶಕದಲ್ಲಿ ದೊಡ್ಡ ತಯಾರಕರು ಸೀಸವಿಲ್ಲದ ಬಿಳಿ ಲೋಹಕ್ಕೆ ಬಂದರು. ಹಾಗಾಗಿ ಅದಕ್ಕಿಂತ ಹಳೆಯ ಗೊಂಬೆ ಕೈಗೆ ಬಂದರೆ ಸೀಸವಿದೆ ಎಂದೇ ಹಿಡಿದು ನಡೆಯುತ್ತೇನೆ. ಅರ ಹಾಕುವಾಗ ನೀರಿನಲ್ಲಿ ಒದ್ದೆ ಮಾಡಿಕೊಂಡೇ ಹಾಕಬೇಕು, ಪುಡಿ ಗಾಳಿಗೆ ಏಳಬಾರದು. ಆಮೇಲೆ ಕೈ ತೊಳೆಯಬೇಕು, ಕೆಲಸದ ಮೇಜಿನಲ್ಲಿ ತಿನ್ನಬಾರದು, ಚಿಕ್ಕ ಮಕ್ಕಳ ಕೈಗೆ ಇವು ಸಿಗಬಾರದು.

ಕೆಲವು ಸೀಸದ ಗೊಂಬೆಗಳ ಮೇಲೆ ಬೂದು ಬಿಳುಪಿನ ಪುಡಿ ಎದ್ದಿರುತ್ತದೆ. ಬಣ್ಣದ ಕೆಳಗಿನಿಂದಲೇ ಉಬ್ಬಿ ಬಣ್ಣವನ್ನು ಸಿಡಿಸುತ್ತದೆ. ಇದನ್ನು ಸೀಸದ ಕೊಳೆತ ಎನ್ನುತ್ತಾರೆ. ಮರದಿಂದ, ಮುಖ್ಯವಾಗಿ ಓಕ್ ಮರದಿಂದ, ಹೊರಡುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ತಿನ್ನುತ್ತದೆ; ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದು ಸೀಸದ ಕಾರ್ಬೊನೇಟ್ ಆಗುತ್ತದೆ; ಆಗ ಬಿಡುಗಡೆಯಾದ ಆಮ್ಲ ಮತ್ತೆ ಸೀಸಕ್ಕೆ ಕೈಹಾಕುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲದಿರುವುದು ಇದೇ ಕಾರಣಕ್ಕೆ. ಸುಂದರವಾದ ಮರದ ಕಪಾಟಿನಲ್ಲಿ ಬಾಗಿಲು ಮುಚ್ಚಿ ಜೋಪಾನ ಮಾಡಿದ ಗೊಂಬೆಗಳೇ ಹೀಗೆ ಕೆಡುವುದು ನೋಡಲು ನೋವಿನ ಸಂಗತಿ. ಕೈಗವಸು ಹಾಕಿ, ಪುಡಿಯನ್ನು ಒದ್ದೆಯಾಗಿಯೇ ಉಜ್ಜಿ ತೆಗೆದು, ಚೆನ್ನಾಗಿ ಒಣಗಿಸಿ, ತಡಮಾಡದೆ ಬಣ್ಣಕ್ಕೆ ಮುಂಚಿನ ಲೇಪವಾದ ಪ್ರೈಮರ್ ಹಚ್ಚಿ, ಗಾಳಿಯಾಡುವ ಲೋಹ ಅಥವಾ ಗಾಜಿನ ಕಪಾಟಿಗೆ ಸಾಗಿಸಬೇಕು. ಬಣ್ಣ ಉಳಿಸುವ ಆಸೆ ಇಲ್ಲಿ ನಡೆಯುವುದಿಲ್ಲ. ಈ ಒಂದು ಸಂದರ್ಭದಲ್ಲಿ ನಾನು ಹಿಂಜರಿಯದೆ ಕಳಚುತ್ತೇನೆ.

ಬಣ್ಣವೆಲ್ಲ ಹೋಗಿ ಲೋಹ ಬತ್ತಲಾದ ಮೇಲೆ ಕಾಣುವುದು ಶಿಲ್ಪಿಯ ಕೈ. ಗಾಬ್ಲಿನ್‌ಗಳ ಮುಖಕ್ಕೆ ಹೆಸರಾದ ಕೆವ್ ಆಡಮ್ಸ್, ಎಲ್ಫ್‌ಗಳಿಗೆ ಬೇರೆಯೇ ಗಾಂಭೀರ್ಯ ಕೊಟ್ಟ ಜೆಸ್ ಗುಡ್‌ವಿನ್, ಮನುಷ್ಯ ಸೈನಿಕರ ಉಡುಪಿನ ಪ್ರತಿ ಗುಂಡಿಯನ್ನೂ ಬಲ್ಲ ಅವಳಿ ಸಹೋದರರಾದ ಮೈಕಲ್ ಮತ್ತು ಆಲನ್ ಪೆರಿ: ಇವರೆಲ್ಲ ಆ ಕಾಲದಲ್ಲಿ ನಾದಿ ತಿದ್ದಬಹುದಾದ ಪುಟ್ಟಿಯಲ್ಲಿ, ಗೊಂಬೆಯ ನಿಜ ಅಳತೆಯಲ್ಲೇ, ಕೈಯಾರೆ ತಿದ್ದಿದವರು. ಆ ಮೂಲವನ್ನು ರಬ್ಬರಿನ ನಡುವೆ ಒತ್ತಿ, ಬಿಸಿಮಾಡಿ ಅಚ್ಚು ಮಾಡುತ್ತಾರೆ. ತಿರುಗುವ ಅಚ್ಚಿಗೆ ಕರಗಿದ ಲೋಹ ಹೊಯ್ಯುತ್ತಾರೆ. ರಬ್ಬರ್ ಅಚ್ಚು ಸವೆಯುತ್ತದೆ, ಆದ್ದರಿಂದ ಒಂದೇ ಶಿಲ್ಪದ ಎರಡು ಎರಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಒಂದರ ಹಲ್ಲು ಚೂಪು, ಇನ್ನೊಂದರದು ಮೊಂಡು. ನಗುವ ಗಾಬ್ಲಿನ್ನಿನ ಕೆನ್ನೆಯ ಸುಕ್ಕು ದಪ್ಪ ಹಸಿರಿನ ಕೆಳಗಿನಿಂದ ಹೊರಬಂದಾಗ, ಇಷ್ಟು ಕಾಲ ಇವನು ನಗುತ್ತಿದ್ದದ್ದೇ ಯಾರಿಗೂ ಕಾಣಲಿಲ್ಲವಲ್ಲ ಎನಿಸುತ್ತದೆ. ಕಳಚುವ ಕೆಲಸದ ಸಾರ್ಥಕತೆ ಇರುವುದು ಇಲ್ಲಿ. ಅಚ್ಚಿನ ಎರಡು ಭಾಗ ಸೇರುವಲ್ಲಿ ಉಳಿದ ಗೆರೆಯನ್ನು ಹಿಂದಿನವರು ಕೆರೆಯದೆ ಬಿಟ್ಟಿದ್ದರೆ ಈಗ ಕೆರೆದುಬಿಡುತ್ತೇನೆ. ಅದು ಶಿಲ್ಪಿ ಇಟ್ಟದ್ದಲ್ಲ.

ಕೀಲುಗಳನ್ನು ಬಿಡಿಸುವುದು ಹಿಂದಿನವರು ಬಳಸಿದ ಅಂಟಿನ ಮೇಲೆ ನಿಂತಿದೆ. ಸೂಪರ್ ಗ್ಲೂ ಆದರೆ ಒಳ್ಳೆಯ ಸುದ್ದಿ. ಅದು ಗಟ್ಟಿಯಾದರೂ ಪೆಡಸು. ಗೊಂಬೆಯನ್ನು ಪೊಟ್ಟಣದಲ್ಲಿ ಕಟ್ಟಿ ಕೆಲವು ಗಂಟೆ ಫ್ರೀಜರಿನಲ್ಲಿಟ್ಟು ತೆಗೆದು ಮೆಲ್ಲನೆ ತಿರುವಿದರೆ ಕೀಲು ಬಿಟ್ಟುಕೊಳ್ಳುತ್ತದೆ. ಗೊಂಬೆ ಲೋಹದ್ದಾದರೆ ಅಸಿಟೋನ್ ಕೂಡ ಆ ಅಂಟನ್ನು ಕರಗಿಸುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಆದರೆ ಬೇರೆ ಕಥೆ. ಅದು ಎರಡು ಮೇಲ್ಮೈಗಳನ್ನೂ ಕರಗಿಸಿ ಒಂದಾಗಿಸಿರುತ್ತದೆ, ಅಲ್ಲಿ ಬಿಡಿಸಲು ಕೀಲೇ ಉಳಿದಿಲ್ಲ. ಸಣ್ಣ ಗರಗಸವೇ ಗತಿ. ಇದನ್ನು ಕಂಡ ಮೇಲೆ ನಾನು ದುರಸ್ತಿಗೆ ಸಿಮೆಂಟ್ ಬಳಸುವುದನ್ನು ಬಿಟ್ಟೆ. ಪ್ಲಾಸ್ಟಿಕ್ ಗೊಂಬೆಗೂ ಸೂಪರ್ ಗ್ಲೂ ಹಾಕುತ್ತೇನೆ. ಬಲ ಸಾಲದಿದ್ದರೆ ಒಂದು ಮಿಲಿಮೀಟರ್ ಡ್ರಿಲ್‌ನಿಂದ ಎರಡೂ ಕಡೆ ರಂಧ್ರ ಕೊರೆದು ಹಿತ್ತಾಳೆ ತಂತಿಯ ಪಿನ್ ಕೂರಿಸುತ್ತೇನೆ. ಲೋಹದ ಡ್ರ್ಯಾಗನ್ನಿನ ರೆಕ್ಕೆಯಂಥ ಭಾರದ ಭಾಗಗಳಿಗೆ ಪಿನ್ ಇಲ್ಲದ ಅಂಟು ಎಷ್ಟಿದ್ದರೂ ನಿಲ್ಲುವುದಿಲ್ಲ.

ಬಾಗಿದ ಕತ್ತಿ, ಮುರಿದ ಈಟಿ ಈ ಗೊಂಬೆಗಳ ನಿತ್ಯದ ಕಾಯಿಲೆ. ರೆಸಿನ್ ಕತ್ತಿಯಾದರೆ ಬಿಸಿನೀರಿನಲ್ಲಿ ಅದ್ದಿ, ನೇರ ಮಾಡಿ, ತಣ್ಣೀರಿನಲ್ಲಿ ಹಿಡಿದರೆ ಹಾಗೆಯೇ ನಿಲ್ಲುತ್ತದೆ. ಲೋಹವನ್ನು ನಿಧಾನವಾಗಿ, ಒಂದೇ ಸಲ ಬಾಗಿಸಬೇಕು. ಹಿಂದೆ ಮುಂದೆ ಆಡಿಸಿದರೆ ತುಂಡಾಗುತ್ತದೆ. ಈಟಿಯ ಕೋಲು ಕಳೆದುಹೋಗಿದ್ದರೆ ಅದೇ ದಪ್ಪದ ತಂತಿ ಹಾಕಲು ನನಗೆ ಯಾವ ಸಂಕೋಚವೂ ಇಲ್ಲ. ಕೋಲು ಯಾವತ್ತೂ ಕೋಲೇ. ಬಿರುಕು, ಸಂದುಗಳಿಗೆ ಎಪಾಕ್ಸಿ ಪುಟ್ಟಿ. ಹಳದಿ ಮತ್ತು ನೀಲಿ ಪಟ್ಟಿಗಳನ್ನು ಸಮವಾಗಿ ನಾದಿದರೆ ಹಸಿರಾಗುವ ಪುಟ್ಟಿಯಲ್ಲಿ ಎರಡೂ ಬಣ್ಣ ತಾಗಿಕೊಂಡಿರುವ ನಡುಗೆರೆಯನ್ನು ಮೊದಲೇ ಕತ್ತರಿಸಿ ತೆಗೆಯಬೇಕು. ಅಲ್ಲಿ ಅದು ಆಗಲೇ ಗಟ್ಟಿಯಾಗಿ ಕಾಳುಕಟ್ಟಿರುತ್ತದೆ. ಉಪಕರಣವನ್ನು ಒದ್ದೆ ಮಾಡಿಕೊಂಡು ತಿದ್ದಬೇಕು. ಮೂಗು ಸವೆದ ಮುಖವನ್ನು ಮಾತ್ರ ನಾನು ಪುಟ್ಟಿಯಿಂದ ಮತ್ತೆ ತಿದ್ದುವುದಿಲ್ಲ. ಮುಖ ಶಿಲ್ಪಿಯದು, ಸವೆದಿದ್ದರೂ ಅವರದೇ.

ಹೊಸ ಬಣ್ಣದ ಬಗ್ಗೆ ಹೇಳಲು ಹೆಚ್ಚಿಲ್ಲ, ಅದನ್ನು ಕಲಿಸುವವರು ಬಹಳ ಮಂದಿ ಇದ್ದಾರೆ. ತೆಳುವಾದ ಪ್ರೈಮರ್, ನೀರು ಬೆರೆಸಿದ ಬಣ್ಣದ ಎರಡು ಪದರ, ಸಂದುಗಳಿಗೆ ನೆರಳು ತರುವ ತೆಳು ಬಣ್ಣದ ವಾಶ್, ಉಬ್ಬುಗಳಿಗೆ ಹೊಳಪು. ಸೈಬೀರಿಯಾದ ಕೊಲಿನ್‌ಸ್ಕಿ ಪ್ರಾಣಿಯ ಕೂದಲಿನ ಕುಂಚವೊಂದಿದ್ದರೆ ಅದರ ಮೊನೆ ಕಣ್ಣಿನ ಕೆಲಸಕ್ಕೂ ಸಾಕು. ನನ್ನದೇ ಎನ್ನಬಹುದಾದ ಹಟ ಎರಡು. ಅಕ್ರಿಲಿಕ್ ಬಿಟ್ಟು ಬೇರೆ ಬಣ್ಣ ಮುಟ್ಟುವುದಿಲ್ಲ, ಏಕೆಂದರೆ ಮುಂದೆ ಈ ಗೊಂಬೆ ಪಡೆಯುವವರು ಅದನ್ನು ಆಲ್ಕೊಹಾಲಿನಲ್ಲಿ ಸುಲಭವಾಗಿ ಕಳಚಬಲ್ಲರು. ಮತ್ತು ಮಳೆಗಾಲದ ತೇವದಲ್ಲಿ ಮ್ಯಾಟ್ ವಾರ್ನಿಶ್ ಸ್ಪ್ರೇ ಹೊಡೆಯುವುದಿಲ್ಲ. ತೇವವಿದ್ದಾಗ ಅದು ಬಿಳಿ ಮಂಜಿನಂತೆ ಕೂತುಬಿಡುತ್ತದೆ. ಆಗ ಕುಂಚದಿಂದಲೇ ವಾರ್ನಿಶ್ ಹಚ್ಚುತ್ತೇನೆ.

ಕೊನೆಗೆ ಬರುವುದು ಒಂದು ದಳವನ್ನು ಒಟ್ಟುಗೂಡಿಸುವ ಪ್ರಶ್ನೆ. ನನ್ನ ಗಾಬ್ಲಿನ್ ಈಟಿಗಾರರಲ್ಲಿ ಬೇರೆ ಬೇರೆ ಕೈಗಳು ಬಳಿದವರಿದ್ದಾರೆ. ಕೆಲವರ ಚರ್ಮ ಎಲೆಹಸಿರು, ಕೆಲವರದು ಹಳದಿಗೆ ಹತ್ತಿರದ ಹಸಿರು, ನಾನು ಕಳಚಿ ಬಳಿದವರದು ಇನ್ನೊಂದು. ಎಲ್ಲರ ಚರ್ಮವನ್ನೂ ಒಂದೇ ಮಾಡುವ ಒತ್ತಡಕ್ಕೆ ನಾನು ಮಣಿದಿಲ್ಲ. ಮೇಜಿನ ಮೇಲೆ ಕಣ್ಣು ಮೊದಲು ಹಿಡಿಯುವುದು ತಳಗಳನ್ನು ಮತ್ತು ಗುರಾಣಿಗಳನ್ನು. ತಳದ ಮೇಲ್ಮೈ ಮತ್ತು ಅಂಚನ್ನು ಒಂದೇ ರೀತಿ ಮಾಡಿ, ಗುರಾಣಿಗಳ ಅಂಚಿಗೆ ಒಂದೇ ಬಣ್ಣದ ಪಟ್ಟಿ ಕೊಟ್ಟರೆ ಮೂರು ಹಸಿರುಗಳೂ ಒಂದೇ ಪಡೆಯ ಜನರಂತೆ ಕಾಣುತ್ತವೆ. ತಳದ ಕೆಳಗೆ ಹಿಂದಿನವರು ಬರೆದ ಅಕ್ಷರಗಳಿದ್ದರೆ ಅವು ಹಾಗೆಯೇ ಇರುತ್ತವೆ. ಅವುಗಳ ಪಕ್ಕದಲ್ಲಿ ನಾನು ಬಳಸಿದ ಬಣ್ಣ, ಅಂಟು, ದುರಸ್ತಿಯ ವರ್ಷವನ್ನು ಸಣ್ಣದಾಗಿ ಬರೆಯುತ್ತೇನೆ.

ತಳದ ಅಳತೆ ಬದಲಾದದ್ದು ಈಗಿನ ಹೊಸ ತಲೆನೋವು. ಹಿಂದೆ 20 ಮಿಲಿಮೀಟರ್ ಚೌಕದ ಮೇಲೆ ನಿಲ್ಲುತ್ತಿದ್ದ ಮನುಷ್ಯ ಮತ್ತು ಎಲ್ಫ್ ಕಾಲಾಳುಗಳಿಗೆ ದಿ ಓಲ್ಡ್ ವರ್ಲ್ಡ್‌ನಲ್ಲಿ 25 ಮಿಲಿಮೀಟರ್ ಬೇಕು, ಓರ್ಕ್‌ಗಳಿಗೆ 25ರ ಬದಲು 30. ಇದಕ್ಕಾಗಿ ಪಾದ ಕೊಯ್ದು ಹೊಸ ತಳಕ್ಕೆ ಏರಿಸುವುದು ಬೇಡ. ಹಳೆಯ ತಳ ಕೂರುವಂತೆ ಒಳಗೆ ಖಾಲಿ ಇರುವ ಚೌಕಟ್ಟುಗಳು ಸಿಗುತ್ತವೆ, ತೆಳು ಪ್ಲಾಸ್ಟಿಕ್ ಹಾಳೆಯಿಂದ ನಾವೇ ಮಾಡಿಕೊಳ್ಳಲೂ ಬಹುದು. ಚೌಕಟ್ಟಿನ ಮೇಲೆ ತಳದ್ದೇ ಮರಳು, ಅದೇ ಬಣ್ಣ ಹಾಕಿದರೆ ಸೇರಿದ ಗೆರೆ ಮರೆಯಾಗುತ್ತದೆ. ಅಂಟಿನ ಬದಲು ಚಿಕ್ಕ ಅಯಸ್ಕಾಂತ ಬಳಸಿದರೆ ಗೊಂಬೆಯನ್ನು ಎತ್ತಿ ತೆಗೆದು ಹಳೆಯ ಆಟದ ಅಳತೆಗೆ ಮರಳಿಸಬಹುದು. ಹಳೆಯ ಹಸಿರು ಅಂಚಿನ ಗೊಂಬೆಗಳಿಗೆ ನಾನು ಚೌಕಟ್ಟನ್ನೂ ಅದೇ ಹಸಿರಿನಲ್ಲಿ ಬಳಿಯುತ್ತೇನೆ. ಈಗಿನ ರುಚಿಗೆ ಅದು ಅತಿಯಾಗಿ ಕಂಡರೂ ಆ ಕೆಂಪು ಗುರಾಣಿಗಳ ಕೆಳಗೆ ಬೇರೆ ಯಾವ ಬಣ್ಣವೂ ಅಷ್ಟು ಚೆನ್ನಾಗಿ ಹೊಂದುವುದಿಲ್ಲ.